ಬೇಸಿಗೆಯಲ್ಲೂ ಒದ್ದೆಯಾಗುತ್ತಿದ್ದ ಡಿಕ್ಕಿ

ಈ ಗಾಡಿ ಯಾವ ಕಂಪನಿಯದು, ಮಾಲೀಕರು ಯಾರು, ನನಗಿಂತ ಮೊದಲು ಯಾರೆಲ್ಲ ಅದಕ್ಕೆ ಕೈ ಹಾಕಿದ್ದರು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಊರು ತೀರ್ಥಹಳ್ಳಿಗೂ ಆಗುಂಬೆಗೂ ನಡುವೆ ಎಲ್ಲೋ ಅಂತ ಇಟ್ಟುಕೊಳ್ಳಿ. ಮಾಲೀಕರು ರಿಟೈರ್ ಆದ ಹೈಸ್ಕೂಲು ಮೇಷ್ಟ್ರು. ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಇಲ್ಲಿ ಅವರು ಬರೀ ‘ಮೇಷ್ಟ್ರು’. ನಾನು ಶಿವಮೊಗ್ಗದ ಹತ್ತಿರ ಸಣ್ಣ ಗ್ಯಾರೇಜು ನಡೆಸುವವನು. ಈ ಕೇಸಿನಲ್ಲಿ ಎರಡು ತಪ್ಪು ನನ್ನವೇ. ಅವನ್ನು ಮುಚ್ಚಿಟ್ಟರೆ ಬರೆಯುವುದೇ ದಂಡ, ಹಾಗಾಗಿ ಅವೂ ಇವೆ.

ಗಾಡಿ ಎಂಥದ್ದು

2008ರ ಡೀಸೆಲ್ ಎಸ್‌ಯುವಿ. ಏಳು ಸೀಟು. ಕೊನೆಯ ಎರಡು ಸೀಟು ಎದುರುಬದುರು ಮಡಚುವಂಥವು. ಹಿಂಬಾಗಿಲು ಮೇಲಕ್ಕೆ ಏಳುವುದಿಲ್ಲ, ಮನೆ ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ಅದರ ಮೈಮೇಲೇ ಸ್ಟೆಪ್ನಿ ಕೂತಿದೆ. ಅದೇ ಬಾಗಿಲಲ್ಲಿ ಹಿಂದಿನ ಗ್ಲಾಸು, ವೈಪರ್, ಮಂಜು ಕರಗಿಸುವ ಡಿಫಾಗರ್, ಮೇಲಿನ ಬ್ರೇಕ್ ಲೈಟು, ನಂಬರ್ ಪ್ಲೇಟ್ ಲೈಟು, ಸೆಂಟ್ರಲ್ ಲಾಕ್. ಒಂದು ಬಾಗಿಲಿಗೆ ಇಷ್ಟೊಂದು ಕೆಲಸ ಹಚ್ಚಿದ್ದಾರೆ ಅಂತ ನಾವು ಯೋಚಿಸುವುದೇ ಇಲ್ಲ, ಅಲ್ವಾ?

ಮೇಷ್ಟ್ರು ಅದನ್ನು 2014ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು. ನನ್ನ ಹತ್ತಿರ ಬಂದಾಗ 1,86,000 ಕಿ.ಮೀ. ಓಡಿತ್ತು. ಇಂಜಿನ್ ಗಟ್ಟಿ, ಗೇರ್‌ಬಾಕ್ಸ್ ಗಟ್ಟಿ. ಹೊರಗೆ ಶೆಡ್ಡಿನಲ್ಲಿ ನಿಲ್ಲುವ ಗಾಡಿ. ಶೆಡ್ಡಿಗೆ ಗೋಡೆ ಇಲ್ಲ, ಮೇಲೆ ತಗಡು ಮಾತ್ರ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ, ಗಾಳಿ ತಳ್ಳಿಕೊಂಡು ಅಡ್ಡ ಬರುವ ಮಳೆ. ಬೆಂಗಳೂರಿನಲ್ಲಿ ಹತ್ತು ವರ್ಷ ಸುಮ್ನೆ ಕೂತಿರಬಹುದಾದ ಒಂದು ಸಣ್ಣ ಸಂದಿ ಇಲ್ಲಿ ಒಂದೇ ಮಳೆಗಾಲದಲ್ಲಿ ಬಯಲಾಗುತ್ತದೆ.

2023ರ ಜೂನ್‌ನಲ್ಲಿ ಮೇಷ್ಟ್ರು ಗಾಡಿ ತಂದು ನಿಲ್ಲಿಸಿ ಹೇಳಿದ್ದು ಇಷ್ಟೇ: “ನೋಡು ಮಾರಾಯ, ಹಿಂದಿನ ಬಾಗಿಲು ಒಂದು ಬಿಟ್ಟು ಗಾಡಿ ಪೂರ್ತಿ ಸರಿ ಇದೆ. ಅಕ್ಟೋಬರಿಗೆ ಆರ್‌ಸಿ ಮುಗೀತದೆ. ಅಷ್ಟರೊಳಗೆ ಇದೊಂದು ಮಾಡಿಕೊಡು.”

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಹಾಕಿ, ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ, ಪಾಸಾದರೆ ಇನ್ನು 5 ವರ್ಷ ಸಿಗುತ್ತದೆ. ಕಾರಿನಂಥ ಗಾಡಿಗೆ ಆಗ ರಿನ್ಯೂವಲ್ ಫೀಸು 5,000 ರೂಪಾಯಿ, ಅದರ ಮೇಲೆ ಹಸಿರು ತೆರಿಗೆ. ನಂಬರ್ ಪ್ಲೇಟ್ ಲೈಟು ಉರಿಯದಿದ್ದರೆ ವಾಪಸ್ ಕಳಿಸುತ್ತಾರೆ. ಇವರ ಗಾಡಿಯಲ್ಲಿ ಅದು ಮನಸ್ಸು ಬಂದಾಗ ಉರಿಯುತ್ತಿತ್ತು.

ನಾನು ಮಾಡಿದ ಮೊದಲ ತಪ್ಪು

ದೂರು ಐದಿದ್ದವು. ಡಿಕ್ಕಿಯಲ್ಲಿ ನೀರು. ಬಾಗಿಲು ಮೂರು ಸಲ ಬಡಿದರೆ ಒಮ್ಮೆ ಕೂರುವುದು. ವೈಪರ್ ಆಗೊಮ್ಮೆ ಈಗೊಮ್ಮೆ. ನಂಬರ್ ಪ್ಲೇಟ್ ಲೈಟು. ಐದನೆಯದು ಮೊಮ್ಮಕ್ಕಳ ವಾಂತಿ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಘಾಟಿ ಇಳಿಯುವಾಗ ತಲೆನೋವು, ವಾಂತಿ. ಇದನ್ನು ಮೇಷ್ಟ್ರು ದೂರು ಅಂತ ಹೇಳಲಿಲ್ಲ, ಚಹಾ ಕುಡಿಯುತ್ತ ಸುಮ್ನೆ ಹೇಳಿದರು. ನಾನೂ ನಕ್ಕು ಬಿಟ್ಟೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇವೆ, ದೊಡ್ಡವರೇ ವಾಂತಿ ಮಾಡುತ್ತಾರೆ.

ಬಾಗಿಲ ಸುತ್ತ ಇರುವ ರಬ್ಬರು ನೋಡಿದೆ. ಒಂದು ಕಡೆ ಚಪ್ಪಟೆಯಾಗಿತ್ತು, ಮೇಲಿನ ಮೂಲೆಯಲ್ಲಿ ಬಿರುಕು. ‘ಇದೇ’ ಅಂದುಕೊಂಡು 1,800 ರೂಪಾಯಿಯ ಹೊಸ ರಬ್ಬರು ಹಾಕಿ ಕಳಿಸಿದೆ. ನೀರು ಹೊಡೆದು ನೋಡಿದೆ, ಒಂದು ಹನಿ ಒಳಗೆ ಬರಲಿಲ್ಲ. ಹೊಸ ರಬ್ಬರು ದಪ್ಪ ಇರುತ್ತದೆ, ಮೆತ್ತಗಿರುತ್ತದೆ. ಎಂಥ ಸಂದಿಯನ್ನೂ ಆರು ವಾರ ಮುಚ್ಚುತ್ತದೆ. ಅಷ್ಟೇ ಆಯಿತು. ಜುಲೈ ಕೊನೆಯ ವಾರ ಮೇಷ್ಟ್ರು ವಾಪಸ್. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಕೆಳಗೆ ನೀರು ನಿಂತಿದೆ. ಜೊತೆಗೆ ಹೊಸ ದೂರು: ಡಿಫಾಗರ್ ಹಾಕಿದರೆ ಸುಟ್ಟ ವಾಸನೆ.

ವೈರು ಸುಟ್ಟ ವಾಸನೆ ಬಂತೆಂದರೆ ಬೇರೆ ಯಾವ ಲೆಕ್ಕವೂ ಇಲ್ಲ. ಬ್ಯಾಟರಿ ಟರ್ಮಿನಲ್ ಕಳಚಿ, ಗಾಡಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಮೇಷ್ಟ್ರ ನೋಟ್‌ಬುಕ್ಕು

ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕಿತ್ತು. ಮೇಷ್ಟ್ರ ಅಭ್ಯಾಸ. ಡೀಸೆಲ್ಲು, ಗಾಳಿ, ಪಂಕ್ಚರು ಎಲ್ಲ ತಾರೀಖು ಸಮೇತ ದುಂಡಗಿನ ಅಕ್ಷರದಲ್ಲಿ. ಅವತ್ತು ಮಳೆ ಜೋರಿತ್ತು, ಕೆಲಸ ಇರಲಿಲ್ಲ. ಸುಮ್ನೆ ತಿರುವುತ್ತ ಕೂತೆ. ಹಿಂಬಾಗಿಲ ಮಾತು ಬಂದಲ್ಲೆಲ್ಲ ಮೂಲೆ ಮಡಚಿದೆ. ಹೀಗಿತ್ತು:

2014 ಆಗಸ್ಟ್. ಹಿಂದಿನ ಗ್ಲಾಸಿನ ಮಂಜು ಅರ್ಧ ಮಾತ್ರ ಹೋಗುತ್ತದೆ. 5 ಗೆರೆ ಕೆಲಸ ಮಾಡುತ್ತಿಲ್ಲ.

2019 ನವೆಂಬರ್. ಹೊಸ ಟಯರ್ 5. ದಪ್ಪ ಸೈಜು.

2021 ಜುಲೈ. ಡಿಕ್ಕಿಯಲ್ಲಿ ನೀರು. ಗ್ಲಾಸಿನ ಸುತ್ತ ಸಿಲಿಕಾನ್ ಹಾಕಿಸಿದ್ದು 350.

2022 ಮಾರ್ಚ್. ಬಾಗಿಲು ಕೂರುವುದಿಲ್ಲ. ಲಾಕ್ ಅಡ್ಜಸ್ಟ್ 200.

2022 ಡಿಸೆಂಬರ್. ಗ್ಲಾಸು ಪುಡಿ. ಹೊಸದು 6,500.

2023 ಜನವರಿ. ಡಿಫಾಗರ್ ಫ್ಯೂಸ್ ಎರಡು ಸಲ ಹೋಯಿತು. ದೊಡ್ಡ ಫ್ಯೂಸ್ ಹಾಕಿದರು. 80.

ಬಿಡಿಬಿಡಿಯಾಗಿ ನೋಡಿದರೆ ಇವು ಹಳೆ ಗಾಡಿಯ ಮಾಮೂಲಿ ಖರ್ಚು. ಸಾಲಾಗಿ ಓದಿದಾಗ ನನಗೆ ಒಂದು ಅನುಮಾನ ಬಂತು. ಟಯರ್ ಬದಲಾಗುವ ತನಕ ಐದು ವರ್ಷ ಬಾಗಿಲ ಬಗ್ಗೆ ಒಂದು ಸಾಲೂ ಇಲ್ಲ, ಡಿಫಾಗರ್ ಒಂದು ಬಿಟ್ಟು. ಆಮೇಲೆ ಶುರುವಾದದ್ದು ನಿಂತೇ ಇಲ್ಲ.

ವೈರಿಂಗು

ಆದರೆ ಮೊದಲು ಸುಟ್ಟ ವಾಸನೆ. ಬಾಡಿಯಿಂದ ಬಾಗಿಲಿಗೆ ವೈರುಗಳು ಒಂದು ರಬ್ಬರ್ ಕೊಳವೆಯೊಳಗೆ ದಾಟುತ್ತವೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುತ್ತದಲ್ಲ, ಅದು. ಬಾಗಿಲು ತೆರೆದಾಗಲೆಲ್ಲ ಒಳಗಿನ ವೈರು ಒಂದೇ ಜಾಗದಲ್ಲಿ ಬಗ್ಗುತ್ತದೆ. ತಗಡಿನ ಚೂರನ್ನು ಹಿಂದೆ ಮುಂದೆ ಬಗ್ಗಿಸಿದರೆ ಕೊನೆಗೆ ಮುರಿಯುತ್ತದಲ್ಲ, ಹಾಗೆ. 15 ವರ್ಷ.

ಕೊಳವೆ ಹಿಂದಕ್ಕೆ ಸರಿಸಿ ನೋಡಿದರೆ 11 ವೈರಿನಲ್ಲಿ 4 ತುಂಡಾಗಿದ್ದವು. ಮೂರರ ಪ್ಲಾಸ್ಟಿಕ್ ಸೀಳಿ ತಾಮ್ರ ಹಸಿರುಗಟ್ಟಿತ್ತು. ಅರ್ಥ್ ಆಗಿ ಬರುವ ಕಪ್ಪು ವೈರಿನಲ್ಲಿ ಉಳಿದದ್ದು ಕೂದಲಿನಂಥ ನಾಲ್ಕೈದು ಎಳೆ. ನಂಬರ್ ಪ್ಲೇಟ್ ಲೈಟಿನ ಆಟ ಆಗ ಅರ್ಥವಾಯಿತು. ಬ್ರೇಕ್ ಒತ್ತಿದರೆ ಮೇಲಿನ ಬ್ರೇಕ್ ಲೈಟು ಮಂಕಾಗಿ, ಜೊತೆಗೆ ನಂಬರ್ ಪ್ಲೇಟ್ ಲೈಟೂ ಮಿಣುಕುತ್ತಿತ್ತು. ಕರೆಂಟಿಗೆ ಅರ್ಥ್ ವೈರಿನಿಂದ ಗಾಡಿಯ ಮೈಗೆ ವಾಪಸ್ ಹೋಗುವ ನೇರ ದಾರಿ ಸಿಗದಿದ್ದರೆ ಪಕ್ಕದ ಬಲ್ಬಿನೊಳಗಿಂದ ಹಿಂದಕ್ಕೆ ನುಸುಳುತ್ತದೆ. ಒಂದು ಸ್ವಿಚ್ಚಿಗೆ ಇನ್ನೊಂದು ಲೈಟು ಹೊತ್ತಿದರೆ ಬಲ್ಬು ಬದಲಿಸುತ್ತ ಕೂರಬೇಡಿ, ಮೊದಲು ಅರ್ಥ್ ನೋಡಿ.

ಸುಟ್ಟದ್ದು ಡಿಫಾಗರಿನ ದಪ್ಪ ವೈರು. ಅದರ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ, 2012ಕ್ಕೆ. ಆ ವರ್ಷದ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಗಾಡಿಗಳ ಗ್ಲಾಸಿಗೆ ಕಪ್ಪು ಫಿಲ್ಮ್ ಅಂಟಿಸುವಂತಿಲ್ಲ ಅಂತ ಆದೇಶ ಮಾಡಿತು. ಊರೂರಲ್ಲಿ ಪೊಲೀಸರು ನಿಲ್ಲಿಸಿ ನಿಲ್ಲಿಸಿ ಫಿಲ್ಮ್ ಕೀಳಿಸಿದರು. ಹಿಂದಿನ ಗ್ಲಾಸಿನ ಒಳಮೈಗೆ ಡಿಫಾಗರ್ ಗೆರೆಗಳು ಅಂಟಿಕೊಂಡಿರುತ್ತವೆ. ಬ್ಲೇಡು ಹಾಕಿ ಫಿಲ್ಮ್ ಕೆರೆದರೆ ಗೆರೆಯೂ ಹೋಗುತ್ತದೆ. ಈ ಗಾಡಿಯ ಮೊದಲ ಮಾಲೀಕರು ಹಾಗೆ ಕೆರೆಸಿದ್ದರು ಅಂತ ಮೇಷ್ಟ್ರಿಗೆ ಗೊತ್ತಿತ್ತು. 12 ಗೆರೆಯಲ್ಲಿ 5 ಹೋಗಿದ್ದವು.

ಗೆರೆಗಳು ಪ್ಯಾರಲಲ್ ಇರುತ್ತವೆ, ಅಂದರೆ ಪ್ರತಿ ಗೆರೆಗೂ ಕರೆಂಟಿನ ದಾರಿ ಬೇರೆ. ಒಂದು ಹೋದರೆ ಉಳಿದವು ಬಿಸಿಯಾಗುತ್ತವೆ, ಒಟ್ಟು ಕರೆಂಟು ಮಾತ್ರ ಕಡಿಮೆಯಾಗುತ್ತದೆ. 15 ಆಂಪಿಯರ್ ಎಳೆಯಬೇಕಾದ ಗ್ಲಾಸು 7 ಗೆರೆಯಲ್ಲಿ 9ರ ಹತ್ತಿರ ಎಳೆಯುತ್ತಿತ್ತು. ಸವೆದ ವೈರು ಅದನ್ನು ಹೇಗೋ ತಾಳಿಕೊಂಡಿತ್ತು. 2022ರ ಡಿಸೆಂಬರಿನಲ್ಲಿ ಹೊಸ ಗ್ಲಾಸು ಬಂತು. 12 ಗೆರೆಯೂ ಸರಿ. ಪೂರ್ತಿ ಕರೆಂಟು ಎಳೆಯಿತು. ಸವೆದ ವೈರು ಕಾದು, ಪ್ಲಾಸ್ಟಿಕ್ ಮೆತ್ತಗಾಗಿ ಪಕ್ಕದ ಬರಿ ತಾಮ್ರಕ್ಕೆ ತಾಗಿರಬೇಕು. ಫ್ಯೂಸು ಹೋಯಿತು. ಫ್ಯೂಸು ತನ್ನ ಕೆಲಸ ಮಾಡಿತ್ತು. ಯಾರೋ 20ರ ಜಾಗಕ್ಕೆ 30 ಹಾಕಿ ಅದರ ಬಾಯಿ ಮುಚ್ಚಿಸಿದರು. ಆಮೇಲೆ ವೈರೇ ಫ್ಯೂಸಾಗಲು ಹೊರಟಿತು. ಹೊಸ, ಒಳ್ಳೆಯ ಗ್ಲಾಸು ಹಾಕಿದ್ದರಿಂದ ಗಾಡಿಗೆ ಬೆಂಕಿ ಬೀಳುವುದಿತ್ತು ಅಂದರೆ ಮೇಷ್ಟ್ರಿಗೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಅವರದೇ ನೋಟ್‌ಬುಕ್ಕು ತೋರಿಸಿದೆ.

ರಿಪೇರಿ ಹೀಗೆ. ತುಂಡಾದ ಜಾಗದಲ್ಲೇ ಗಂಟು ಹಾಕಿ, ಸೋಲ್ಡರ್ ಮಾಡಿ (ಸೀಸ ಕರಗಿಸಿ ಬೆಸೆದು) ಇನ್ಸುಲೇಷನ್ ಟೇಪ್ ಸುತ್ತುವುದು ಸುಲಭ, ಆದರೆ ಸೋಲ್ಡರ್ ಮಾಡಿದ ಜಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತದೆ. ಬಗ್ಗುವ ಜಾಗದಲ್ಲಿ ಅದಿದ್ದರೆ ಅದರ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. ಹಾಗಾಗಿ ಕೊಳವೆಯ ಎರಡೂ ತುದಿಯಿಂದ ಒಂದು ಗೇಣು ಆಚೆ ಕತ್ತರಿಸಿ, ನಡುವಿನ ಅಷ್ಟಕ್ಕೂ ಮೆತ್ತಗಿನ ಸಿಲಿಕಾನ್ ಹೊದಿಕೆಯ ಹೊಸ ವೈರು ಹಾಕಿದೆವು. ಜಾಯಿಂಟುಗಳು ಒಂದರ ಪಕ್ಕ ಒಂದು ಬರದ ಹಾಗೆ ಹಿಂದೆ ಮುಂದೆ ಮಾಡಿ, ಬಿಸಿ ತಾಗಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆವು. ನನ್ನ ಹತ್ತಿರದ ಹುಡುಗನಿಗೆ ಒಂದೂವರೆ ದಿನ ಹಿಡಿಯಿತು. ಅವನು ವೈರು ಹೊರಗೆ ಎಳೆಯುವಾಗ ಕೊಳವೆಯೊಳಗೆ ಇನ್ನೊಂದು ವಸ್ತುವೂ ಇತ್ತು. ಆಗ ನಾವಿಬ್ಬರೂ ಅದರ ಕಡೆ ಗಮನ ಕೊಡಲಿಲ್ಲ. ಆ ಮಾತು ಆಮೇಲೆ.

ಸ್ಟೆಪ್ನಿ ಬಿಚ್ಚಿದ ದಿನ

ಈಗ ನೀರು. ದಿನಪತ್ರಿಕೆಯ ಹಾಳೆಯನ್ನು ಎರಡು ಬೆರಳು ಅಗಲಕ್ಕೆ ಸೀಳಿ, ರಬ್ಬರಿನ ಸುತ್ತ ಅಲ್ಲಲ್ಲಿ ಇಟ್ಟು ಬಾಗಿಲು ಹಾಕಿದೆ. ಒಂದೊಂದನ್ನೇ ಎಳೆದೆ. ಕೆಳಗಿನ ಪಟ್ಟಿಗಳು ಹರಿದೇ ಹೋದವು, ಅಷ್ಟು ಬಿಗಿ. ಬೀಗದ ಪಕ್ಕದ ಮೇಲಿನ ಮೂಲೆಯಲ್ಲಿ ಇಟ್ಟದ್ದು ಕೈ ತಾಗುವ ಮೊದಲೇ ಜಾರಿ ಬಿತ್ತು. ಈ ಪರೀಕ್ಷೆಗೆ ಖರ್ಚು ಸೊನ್ನೆ, ಹೊತ್ತು ಹತ್ತು ನಿಮಿಷ. ಜೂನ್‌ನಲ್ಲೇ ಮಾಡಬೇಕಿತ್ತು. ಮಾಡಿರಲಿಲ್ಲ.

ಆ ಮೂಲೆಯಲ್ಲಿ ಟಾರ್ಚು ಹಿಡಿದು ನೋಡಿದರೆ ರಬ್ಬರಿನ ಒಳಮೈ ಮೇಲೆ ಕಾಡಿಗೆಯ ಗೆರೆ. ಬೆರಳಲ್ಲಿ ಒರೆಸಿದರೆ ಅಂಟಿತು. ಡೀಸೆಲ್ ಹೊಗೆಯ ಮಸಿ. ಚೌಕ ಮೈಯ ಗಾಡಿ ಮುಂದೆ ಓಡುವಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಧೂಳು, ಹೊಗೆ ಅಲ್ಲೇ ಸುತ್ತಿ ಸುತ್ತಿ ಬಾಗಿಲಿಗೆ ಮೆತ್ತುತ್ತದೆ. ಸಂದಿ ಸಿಕ್ಕರೆ ಒಳಗೂ ನುಗ್ಗುತ್ತದೆ. ಆ ಮೂಲೆಯ ಕೆಳಗೇ ಮಕ್ಕಳು ಕೂರುವ ಸೀಟು. ಜೂನ್‌ನಲ್ಲಿ ನಕ್ಕದ್ದು ನೆನಪಾಯಿತು. ಹೊಗೆಯಲ್ಲಿ ವಾಸನೆ ಬರುವ ಭಾಗವಾದರೂ ಗೊತ್ತಾಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಿಂದೆ ಕೂತವರಿಗೆ ಮಾತ್ರ ತಲೆನೋವು ಬರುತ್ತದೆ ಅಂದರೆ ಅದನ್ನು ಗಾಡಿಯ ದೂರು ಅಂತಲೇ ಬರೆದುಕೊಳ್ಳುವುದು ಈಗ ನನ್ನ ರೂಢಿ.

ಮೂಲೆ ಯಾಕೆ ಬಾಯಿ ಬಿಟ್ಟಿತು? ಬಾಗಿಲು ಅರ್ಧ ತೆರೆದು, ಬೀಗದ ಪಕ್ಕದ ಕೆಳಗಿನ ಅಂಚಿಗೆ ಕೈ ಕೊಟ್ಟು ಎತ್ತಿದೆ. ಮೇಲಿನ ಹಿಂಜಿನಲ್ಲಿ, ಅಂದರೆ ಬಾಗಿಲು ತಿರುಗುವ ಕೀಲಿನಲ್ಲಿ, ‘ಟಕ್’ ಅಂತ ಸದ್ದು. ಆಮೇಲೆ ಹುಡುಗನಿಗೆ ಸ್ಟೆಪ್ನಿ ಬಿಚ್ಚಲು ಹೇಳಿದೆ. ಕೊನೆಯ ನಟ್ಟು ಸಡಿಲಾಗಿ ಚಕ್ರ ಅವನ ತೋಳಿಗೆ ಬಂತು ನೋಡಿ, ನಮ್ಮ ಕಣ್ಣೆದುರೇ ಬಾಗಿಲು ಮೇಲಕ್ಕೆದ್ದಿತು. ಮೊದಲೇ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದೆ. ಅಳೆದರೆ 4 ಮಿ.ಮೀ. ಬಾಗಿಲನ್ನು ಒಂದು ಬೆರಳಲ್ಲಿ ತಳ್ಳಿದೆ. ‘ಕ್ಲಿಕ್’ ಅಂತ ಕೂತಿತು.

ಮೇಷ್ಟ್ರು ಅಲ್ಲೇ ನಿಂತಿದ್ದರು. “ಇಷ್ಟೇನಾ?” ಅಂದರು.

ಇಷ್ಟೇ ಅಲ್ಲ, ಆದರೆ ಇಲ್ಲಿಂದ ಶುರು. ಸ್ಟೆಪ್ನಿಯನ್ನು ಪಕ್ಕದ ಮಂಡಿಗೆ ಒಯ್ದು ಅಡಿಕೆ ಚೀಲ ತೂಗುವ ತಕ್ಕಡಿಗೆ ಹಾಕಿಸಿದೆವು. 31 ಕೆಜಿ. ಮೇಷ್ಟ್ರ ಶೆಡ್ಡಿನಲ್ಲಿ ಮೂಲ ಸೈಜಿನ ಹಳೆ ಚಕ್ರ ಒಂದು ಬಿದ್ದಿತ್ತು, ಅದು 25. ವ್ಯತ್ಯಾಸ ಆರೇ ಕೆಜಿ. ಆದರೆ ಚಾಚಿದ ಕೈಯಲ್ಲಿ ನೀರಿನ ಕೊಡ ಹಿಡಿದು ನಿಂತರೆ ಗೊತ್ತಾಗುತ್ತದೆ, ಭುಜಕ್ಕೆ ಆರು ಕೆಜಿ ಜಾಸ್ತಿ ಅಂದರೆ ಏನು ಅಂತ. ಇಲ್ಲಿ ಭುಜ ಅಂದರೆ ಮೇಲಿನ ಹಿಂಜು. ಪಿನ್ನು ಸವೆದು ಮೊಟ್ಟೆಯಾಕಾರ ಆಗಿತ್ತು. ಬಾಗಿಲು ಬೀಗದ ಕಡೆಗೆ ಜೋತಿತು. ಕೆಳಗೆ ರಬ್ಬರು ಅಮುಕಿತು, ಮೇಲೆ ಸಂದಿ ಬಿತ್ತು. ಬೀಗ ಕೊಕ್ಕೆಗೆ ಸಿಗದೆ ಹೋಯಿತು. 2022ರ ಮಾರ್ಚಿನಲ್ಲಿ ಕೊಕ್ಕೆಯನ್ನೇ ಕೆಳಕ್ಕೆ ಇಳಿಸಿ ಕೂರಿಸಿದರು. ಅಂದರೆ ಜೋತ ಬಾಗಿಲಿಗೆ ಒಪ್ಪುವ ಹಾಗೆ ಗಾಡಿಯನ್ನೇ ತಿದ್ದಿದರು. ಬಾಗಿಲು ಇನ್ನೂ ಜೋತಿತು.

ಹಿಂಜು ಕಂಪನಿಯಲ್ಲಿ ಬರುವುದು ನಿಂತಿದೆ ಅಂದರು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಪರಿಚಯದವರಿಂದ ಹುಡುಕಿಸಿದೆ. ಕೆಳಗಿನದು ಸಿಕ್ಕಿತು, ಮೇಲಿನದು ಸಿಗಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ನಮ್ಮದಕ್ಕಿಂತ ಹೆಚ್ಚು ಸವೆದಿತ್ತು. ಕೊನೆಗೆ ಲೇತಿನವರ ಹತ್ತಿರ ಹಳೆ ಹಿಂಜಿನ ತೂತನ್ನು ದುಂಡಗೆ ದೊಡ್ಡದು ಮಾಡಿಸಿ, ಗನ್‌ಮೆಟಲ್ ಬುಷ್ (ಪಿನ್ನಿನ ಸುತ್ತ ಕೂರುವ ಲೋಹದ ಬಳೆ) ಕೂರಿಸಿ, ಹೊಸ ಪಿನ್ನು ತಿರುಗಿಸಿಕೊಂಡೆ. 900 ರೂಪಾಯಿ. ಈ ಇಡೀ ಕೇಸಿನಲ್ಲಿ ಅತ್ಯಂತ ಲಾಭದ ದುಡ್ಡು ಅದೇ. ಕೊಕ್ಕೆ ಮೊದಲಿನ ಜಾಗಕ್ಕೆ ಬಂತು. ಅದರ ಹಳೆಯ ಗುರುತು ಪೇಂಟಿನ ಮೇಲೆ ಇನ್ನೂ ಕಾಣುತ್ತಿತ್ತು. ಜೂನ್‌ನಲ್ಲಿ ಹಾಕಿದ ರಬ್ಬರು ಆಗಲೇ ಕೆಳಗೆ ಚಪ್ಪಟೆ. ಇನ್ನೊಂದು ಹಾಕಿದೆ, ದುಡ್ಡು ಅರ್ಧ ನಾನು ಹಾಕಿಕೊಂಡೆ.

ಸ್ಟೆಪ್ನಿ ಎಲ್ಲಿಡುವುದು ಅನ್ನುವುದು ಬೇರೆ ಚರ್ಚೆ. ಹಳೆ ಸೈಜಿನ ಚಕ್ರವನ್ನೇ ಸ್ಟೆಪ್ನಿ ಮಾಡೋಣ ಅಂದರು ಮೇಷ್ಟ್ರು. ಒಂದೇ ಆಕ್ಸಲ್ಲಿಗೆ ಎರಡು ಸೈಜು ಹಾಕಿ ಘಾಟಿ ಇಳಿಯುವುದು ನನಗೆ ಇಷ್ಟ ಇಲ್ಲ. ತಲೆಯ ಮೇಲೆ ಕ್ಯಾರಿಯರ್ ಹಾಕಿ ಅಲ್ಲಿಡುವುದು ಅದಕ್ಕಿಂತ ಕೆಟ್ಟದ್ದು. ಕೊನೆಗೆ ಹಿಂದಿನ ಒಂದು ಸೀಟು ಮಡಚಿ, ಚಕ್ರವನ್ನು ಅಲ್ಲಿ ಮಲಗಿಸಿ ಬೆಲ್ಟು ಬಿಗಿದೆವು. ಮುಂದಿನ ಸಲ ಟಯರ್ ಬದಲಿಸುವಾಗ ಐದೂ ಮೂಲ ಸೈಜಿಗೆ ಅಂತ ಮಾತಾಯಿತು. ಒಬ್ಬ ಮೊಮ್ಮಗನಿಗೆ ಸೀಟು ಹೋಯಿತು.

ಗ್ಲಾಸು ಕೀಳುವುದೋ ಬೇಡವೋ

ಇಲ್ಲಿ ಜಗಳವೇ ಆಯಿತು ಅನ್ನಬಹುದು. ಎಂಟು ತಿಂಗಳ ಹಿಂದೆ ಹಾಕಿಸಿದ ಗ್ಲಾಸು. ನೀರು ಅಲ್ಲಿಂದ ಬರುತ್ತಿರಲಿಲ್ಲ. ಆದರೆ ಕೆಳಗಿನ ಮೂಲೆಯಲ್ಲಿ ಪೇಂಟು ಗುಳ್ಳೆ ಎದ್ದಿತ್ತು. ನಾನು ಗ್ಲಾಸು ಕಿತ್ತು ನೋಡೋಣ ಅಂದೆ. ಮೇಷ್ಟ್ರು ಒಪ್ಪಲಿಲ್ಲ. “ಸರಿ ಇರುವುದನ್ನು ಯಾಕೆ ಕೀಳ್ತೀಯ? ಒಡೆದರೆ ಮತ್ತೆ ಆರೂವರೆ ಸಾವಿರ.” ಮಾತು ನ್ಯಾಯವಾದದ್ದೇ.

ಹಳೆ ಗ್ಲಾಸು ಹೇಗೆ ಒಡೆಯಿತು ಅಂತ ಕೇಳಿದೆ. ಡಿಸೆಂಬರ್ ಬೆಳಗ್ಗೆ ಆರು ಗಂಟೆ, ಚಳಿ. ತವರಿಗೆ ಹೊರಟ ಮನೆಯವರ ಸಾಮಾನು ಹಾಕಿ ಬಾಗಿಲು ಬಡಿದರು, ಕೂರಲಿಲ್ಲ. ಎರಡನೇ ಸಲ ಜೋರಾಗಿ ಬಡಿದರು. ಪಟಾಕಿಯ ಹಾಗೆ ಒಂದು ಸದ್ದು. ಅಂಗಳದ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗ್ಲಾಸು.

ಹಿಂದಿನ ಗ್ಲಾಸು ಟಫನ್ಡ್ ಇರುತ್ತದೆ. ಚೆನ್ನಾಗಿ ಕಾಯಿಸಿ ಗಾಳಿ ಊದಿ ಥಟ್ಟನೆ ಆರಿಸಿರುತ್ತಾರೆ. ಮೇಲ್ಮೈ ಬಿಗಿ ಹಿಡಿದಿರುತ್ತದೆ, ಒಳಗೆ ಎಳೆತ ತುಂಬಿರುತ್ತದೆ. ನಡುವೆ ಗುದ್ದಿದರೆ ತಡೆದೀತು, ಅಂಚಿಗೆ ಸಣ್ಣ ಗಾಯವಾದರೆ ಇಡೀ ಗ್ಲಾಸು ಒಂದೇ ಕ್ಷಣದಲ್ಲಿ ಪುಡಿ. ಅಂಚನ್ನು ಒತ್ತುತ್ತಿದ್ದದ್ದು ಏನು? ತುಕ್ಕು ಅಂತ ನನ್ನ ಊಹೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಹಿಡಿಯುತ್ತದೆ, ಉಬ್ಬಿ ಉಬ್ಬಿ ಗ್ಲಾಸನ್ನು ತಳ್ಳುತ್ತದೆ. ಬಡಿದದ್ದು ನೆಪ. ಹೊಸ ಗ್ಲಾಸು ಕೂತಿರುವುದೂ ಅದೇ ಚೌಕಟ್ಟಿನ ಮೇಲೆ.

“ಒಡೆದರೆ ಅರ್ಧ ನನ್ನದು” ಅಂದ ಮೇಲೆ ಒಪ್ಪಿದರು. ಸಣ್ಣ ಸ್ಟೀಲ್ ತಂತಿಯನ್ನು ಗೋಂದಿನೊಳಗೆ ತೂರಿಸಿ, ಒಳಗೆ ಒಬ್ಬ ಹೊರಗೆ ಒಬ್ಬ ಗರಗಸದ ಹಾಗೆ ಎಳೆದು ಬಿಡಿಸಿದೆವು. ಒಡೆಯಲಿಲ್ಲ. ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ತಗಡು ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಹಳೆಯ ಓಲೆಗರಿ ಕಟ್ಟಿನ ಹಾಗೆ. ಅದರ ಮೇಲೇ ಗೋಂದು ಹಾಕಿ ಹೊಸ ಗ್ಲಾಸು ಕೂರಿಸಿದ್ದರು. ತುಕ್ಕು ಹಿಡಿದದ್ದು ಸರಿಯಾಗಿ 2021ರಲ್ಲಿ ಸಿಲಿಕಾನ್ ಹಾಕಿದ ಉದ್ದಕ್ಕೂ. ವಿನೆಗರ್ ವಾಸನೆ ಬರುವ ಸಿಲಿಕಾನ್ ಗೊತ್ತಲ್ಲ, ಬಾತ್‌ರೂಮಿಗೆ ಹಾಕುವಂಥದ್ದು? ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಪೇಂಟು ಹೋದ ತಗಡಿಗೆ ಅದು ವಿಷ. ಮೇಲಾಗಿ ಸಿಲಿಕಾನಿನ ಜಿಡ್ಡು ಉಳಿದ ಕಡೆ ಗ್ಲಾಸಿನ ಪಿಯು (ಪಾಲಿಯುರೆಥೇನ್) ಗೋಂದು ಹಿಡಿಯುವುದೇ ಇಲ್ಲ. ನೀರು ಬರುತ್ತಿದ್ದದ್ದು ಬಾಗಿಲ ಮೂಲೆಯಿಂದ, ಸಿಲಿಕಾನ್ ಬಿದ್ದದ್ದು ಗ್ಲಾಸಿಗೆ. 350 ರೂಪಾಯಿಯ ಆ ಕೆಲಸ ನೀರನ್ನೂ ನಿಲ್ಲಿಸಲಿಲ್ಲ, 6,500ರ ಗ್ಲಾಸನ್ನೂ ತೆಗೆಯಿತು.

ಟಿಂಕರ್ ಕೊಳೆತದ್ದನ್ನು ಕತ್ತರಿಸಿ ತಗಡಿನ ತೇಪೆ ಬೆಸೆದ. ತುಕ್ಕಿಗೆ ಪ್ರೈಮರ್, ಪೇಂಟು, ಆಮೇಲೆ ಗ್ಲಾಸಿನ ಪ್ರೈಮರ್, ಪಿಯು ಗೋಂದು. ಒಂದು ರಾತ್ರಿ ಗಾಡಿ ಅಲ್ಲಾಡಿಸಲಿಲ್ಲ. ಬಾಗಿಲ ತಳದ ನೀರು ಹೋಗುವ ತೂತುಗಳು ಮಣ್ಣಿನಿಂದ ಕಟ್ಟಿದ್ದವು. ಸೈಕಲ್ ಕಡ್ಡಿಯಲ್ಲಿ ಬಿಡಿಸಿದೆವು.

ಅಕ್ಟೋಬರಿನಲ್ಲಿ ಆರ್‌ಸಿ ಪಾಸಾಯಿತು. ನಾನು ಕೇಸು ಮುಗಿಯಿತು ಅಂದುಕೊಂಡೆ.

ಫೆಬ್ರವರಿ

2024ರ ಫೆಬ್ರವರಿಯಲ್ಲಿ ಮೇಷ್ಟ್ರ ಫೋನು. “ಎಂತ ಮಾರಾಯಾ, ಮಳೆ ಇಲ್ಲ ಎಂತ ಇಲ್ಲ, ಡಿಕ್ಕಿ ಮತ್ತೆ ಒದ್ದೆ!”

ನಾನು ನಂಬಲಿಲ್ಲ. ರಾತ್ರಿಯ ಇಬ್ಬನಿ ಇರಬಹುದು, ತೋಟಕ್ಕೆ ಒಯ್ದ ಕ್ಯಾನು ಸೋರಿರಬಹುದು ಅಂದೆ. ಮರುದಿನ ಗಾಡಿ ತಂದರು, ಜೊತೆಗೆ ಅವರ ಮನೆಯವರೂ ಇದ್ದರು. ಕಾಗದದ ಪಟ್ಟಿ ಇಟ್ಟೆ, ಎಲ್ಲ ಕಡೆ ಬಿಗಿ. ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ನೀರು ಹೊಡೆದೆ, ಒಳಗೆ ಹುಡುಗ ಟಾರ್ಚು ಹಿಡಿದು ಕೂತಿದ್ದ. ಒಣಕಲು. ತಲೆ ಕೆರೆದುಕೊಂಡು ನಿಂತಿದ್ದಾಗ ಮೇಷ್ಟ್ರ ಮನೆಯ ಅಮ್ಮ ಕಾರ್ಪೆಟ್ಟಿನ ಮೂಲೆ ಹಿಂಡಿ ಕೈ ಮೂಸಿದರು.

“ಇದು ಮಳೆ ನೀರಲ್ಲ ತಮ್ಮಾ. ಶಾಂಪೂ ವಾಸನೆ. ಇವರು ಗ್ಲಾಸು ತೊಳೆಯುವ ಬಾಟ್ಲಿಗೆ ಒಂದು ಪ್ಯಾಕೆಟ್ ಹಾಕ್ತಾರೆ.”

ನಾನು ಹೋಗಿ ಹಿಂದಿನ ವಾಷರ್ ಒತ್ತಿದೆ. ಗ್ಲಾಸಿನ ಮೇಲೆ ಒಂದು ಹನಿ ಬೀಳಲಿಲ್ಲ. ಬಾಗಿಲ ಪಕ್ಕದ ಕಂಬದೊಳಗೆ ನೀರು ಇಳಿಯುವ ಸದ್ದು ಮಾತ್ರ ಕೇಳಿತು. ಆ ರಬ್ಬರ್ ಕೊಳವೆಯೊಳಗೆ ವೈರಿನ ಜೊತೆ ಇದ್ದ ಇನ್ನೊಂದು ವಸ್ತು ಇದೇ, ವಾಷರಿನ ಸಣ್ಣ ಪೈಪು. ಜುಲೈಯಲ್ಲಿ ವೈರು ಎಳೆಯುವಾಗ ಅದರ ಜಾಯಿಂಟು ಸಡಿಲಾಗಿ ಕಳಚಿತ್ತು. ಮಳೆಗಾಲದಲ್ಲಿ ಹಿಂದಿನ ವಾಷರ್ ಯಾರೂ ಒತ್ತುವುದಿಲ್ಲ. ಬೇಸಿಗೆಯ ಧೂಳು ಶುರುವಾದ ಮೇಲೆ ಮೇಷ್ಟ್ರು ದಿನಾ ಒತ್ತಿದ್ದಾರೆ. ಗ್ಲಾಸು ತೊಳೆಯುತ್ತಿಲ್ಲ ಅಂತ ಇನ್ನೂ ಜಾಸ್ತಿ ಹೊತ್ತು ಒತ್ತಿದ್ದಾರೆ. ಇದು ನನ್ನ ಎರಡನೇ ತಪ್ಪು. ದುಡ್ಡು ತೆಗೆದುಕೊಳ್ಳಲಿಲ್ಲ, ಮುಖವೂ ಅಷ್ಟು ನೆಟ್ಟಗಿರಲಿಲ್ಲ.

ಈ ಕೇಸಿನ ಮೇಲೆ ನನ್ನ ಮಾತು

ಎಲ್ಲ ಒಂದೇ ಕಾರಣಕ್ಕೆ ಆದದ್ದು ಅಂತ ಹೇಳಿದರೆ ಕೇಳಲು ಚೆಂದ, ನಿಜ ಅಲ್ಲ. ಹಿಂಜು ಸವೆದದ್ದು ಒಂದು ಕಥೆ. ವೈರು ತುಂಡಾದದ್ದು ಬರೀ ವಯಸ್ಸಿನಿಂದ, ಸ್ಟೆಪ್ನಿ ಹಗುರ ಇದ್ದರೂ ಆಗುತ್ತಿತ್ತು. ವಾಷರ್ ಪೈಪು ನಮ್ಮ ಕೈಯಿಂದ. ಆದರೆ ಮೂರೂ ಸೇರಿದ್ದು ಒಂದೇ ಬಾಗಿಲಲ್ಲಿ. ಒಂದಕ್ಕೆ ಮಾಡಿದ ಅರೆಬರೆ ಮದ್ದು ಇನ್ನೊಂದಕ್ಕೆ ರೋಗವಾಯಿತು. ಕೊಕ್ಕೆ ಇಳಿಸಿದ್ದು, ಸಿಲಿಕಾನ್, 30ರ ಫ್ಯೂಸು, ನನ್ನ ಹೊಸ ರಬ್ಬರು, ನಾಲ್ಕೂ ದೂರು ಬಂದ ಜಾಗವನ್ನು ಮುಚ್ಚಿದವು. ದೂರು ಹುಟ್ಟಿದ ಜಾಗವನ್ನು ಮುಟ್ಟಲಿಲ್ಲ.

ಕೆಲಸದ ಸರದಿ ಈಗ ಹೀಗೆ ಮಾಡಿಕೊಂಡಿದ್ದೇನೆ. ಬಾಗಿಲ ಮೇಲೆ ಸ್ಟೆಪ್ನಿ ಇರುವ ಗಾಡಿ ನೀರಿನ ದೂರು ತಂದರೆ ಮೊದಲು ಸ್ಟೆಪ್ನಿ ಬಿಚ್ಚಿ ಬಾಗಿಲು ಎಷ್ಟು ಏಳುತ್ತದೆ ನೋಡುತ್ತೇನೆ. ಆಮೇಲೆ ಕಾಗದದ ಪಟ್ಟಿ. ಅದಾದ ಮೇಲೆ ನೀರು, ಅದೂ ತಳದಿಂದ ಶುರು ಮಾಡಿ ನಿಧಾನಕ್ಕೆ ಮೇಲೆ. ಮೇಲಿಂದ ಹೊಡೆದರೆ ಎಲ್ಲ ಕಡೆ ಹರಿದು ಎಲ್ಲಿಂದ ಬಂತೋ ಗೊತ್ತಾಗುವುದಿಲ್ಲ. ವೈರಿನ ಕೊಳವೆ ಬಿಚ್ಚಿದ ಯಾವ ಗಾಡಿಯಾದರೂ ವಾಷರ್ ಒತ್ತಿ ನೋಡದೆ ಗೇಟು ದಾಟುವುದಿಲ್ಲ. ಮೇಲಕ್ಕೆ ಏಳುವ ಬಾಗಿಲಿನ ಗಾಡಿಗಳಲ್ಲಿ ಹಿಂಜಿನ ಬದಲು ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ಟಿನ ತೊಂದರೆ ಜಾಸ್ತಿ, ಆದರೆ ವೈರಿನ ಕೊಳವೆಯ ಕಥೆ ಅಲ್ಲೂ ಇದೇ.

ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಹಳೆ ಗಾಡಿಗೆ ಇಷ್ಟು ಖರ್ಚು ಬೇಕಿತ್ತಾ? ನನ್ನ ಹತ್ತಿರ ಆದದ್ದು ಎಲ್ಲ ಸೇರಿ 14,000 ಚಿಲ್ಲರೆ. ಮೇಷ್ಟ್ರಿಗೆ ಕೇಳಿದ್ದೆ. ಇಂಜಿನ್ ಬಾನೆಟ್ಟಿನ ಮೇಲೆ ಕೈಯಿಟ್ಟು, “ಇದು ನನಗಿಂತ ಗಟ್ಟಿ ಇದೆಯಲ್ಲ” ಅಂದರು. ಒಳಗಿನ ತುಕ್ಕು ಚಾಸಿಗೆ ಇಳಿದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಇಳಿದಿರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ, ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಗಾಡಿ ಆಯಿಲ್ ಬದಲಿಸಲು ಬಂತು. ಕಾರ್ಪೆಟ್ಟಿನ ಕೆಳಗೆ ನಾನು ಅದೇ ವರ್ಷದ ಜೂನ್‌ನಲ್ಲಿ ಹಾಸಿಟ್ಟ ದಿನಪತ್ರಿಕೆ ಗರಿಗರಿ ಇತ್ತು. ಹೆಡ್‌ಲೈನು ಓದಲು ಬರುತ್ತಿತ್ತು. ಡಿಫಾಗರ್ 20ರ ಫ್ಯೂಸಿನಲ್ಲಿ ಕೆಲಸ ಮಾಡುತ್ತಿದೆ. ಮಕ್ಕಳಿಗೆ ತಲೆನೋವು ನಿಂತಿದೆಯಂತೆ. ಮಸಿಯ ಗೆರೆಯೂ ಮತ್ತೆ ಮೂಡಿಲ್ಲ. ವಾಂತಿ ಮಾತ್ರ ಸಣ್ಣವನಿಗೆ ಇನ್ನೂ ಇದೆ, ಒಂಬತ್ತನೇ ತಿರುವಿನ ಹತ್ತಿರ.